ಮೈಸೂರಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗುವವರಿಗೆ

ಬಿ.ಎಸ್‌ಸಿ ಮುಗಿಸಿ, ಬಿ.ಇಡಿಗೆ ಅರ್ಜಿ ಹಾಕಿ, ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳಿಕೊಡಬೇಕು ಎಂದು ಹೊರಟವರಿಗೆ ಮೊದಲೇ ಹೇಳಿಬಿಡಬೇಕಾದ ಸಂಗತಿ ಒಂದಿದೆ: ರಾಜ್ಯ ಪಠ್ಯಕ್ರಮದ ಹೈಸ್ಕೂಲಿನಲ್ಲಿ ಆ ಹೆಸರಿನ ಹುದ್ದೆಯೇ ಇಲ್ಲ. ಇರುವುದು ಪಿಸಿಎಂ ಶಿಕ್ಷಕರು ಮತ್ತು ಸಿಬಿಝಡ್ ಶಿಕ್ಷಕರು. ಪಿಸಿಎಂನವರ ವೇಳಾಪಟ್ಟಿಯನ್ನು ಗಣಿತ ನುಂಗುತ್ತದೆ, ಸಿಬಿಝಡ್‌ನವರದನ್ನು ಜೀವಶಾಸ್ತ್ರ. ಕೆಮಿಸ್ಟ್ರಿ ಇಬ್ಬರಿಗೂ ಸೇರಿದ್ದು. ಹಾಗಾಗಿಯೇ ಎಷ್ಟೋ ಶಾಲೆಗಳಲ್ಲಿ ಇಬ್ಬರೂ ಮನಸ್ಸಿಟ್ಟು ತಮ್ಮದೆಂದುಕೊಳ್ಳದ ವಿಷಯವೂ ಹೌದು. ಲ್ಯಾಬಿನ ಬೀರುವಿಗೆ ಬಿದ್ದ ಬೀಗ ಜೂನ್‌ನಿಂದ ಮಾರ್ಚ್‌ವರೆಗೆ ತೆರೆಯದಿದ್ದರೂ ಯಾರೂ ಕೇಳುವುದಿಲ್ಲ. ಆ ಬೀಗವನ್ನು ವಾರಕ್ಕೊಮ್ಮೆ ತೆಗೆಯುವ ಶಿಕ್ಷಕರಿಗೆ ಮೈಸೂರಿನಲ್ಲಿ ಕೆಲಸವೂ ಇದೆ, ಹೆಸರೂ ಇದೆ ಎಂಬ ನಂಬಿಕೆಯಿಂದ ಈ ಲೇಖನ ಬರೆಯುತ್ತಿದ್ದೇನೆ.

ಕೆಮಿಸ್ಟ್ರಿಯೊಂದನ್ನೇ ಪಾಠ ಮಾಡಬೇಕೆಂದರೆ ಎರಡು ದಾರಿ. ಒಂದು, ಐಸಿಎಸ್‌ಇ ಶಾಲೆ. ಅಲ್ಲಿ 9 ಮತ್ತು 10ನೇ ತರಗತಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರಕ್ಕೂ ಬೇರೆ ಬೇರೆ ಪತ್ರಿಕೆ, ಬೇರೆ ಬೇರೆ ಶಿಕ್ಷಕರು. ಇನ್ನೊಂದು, ಪಿಯು ಕಾಲೇಜು. ಅಲ್ಲಿ ನೀವು ಶಿಕ್ಷಕರಲ್ಲ, ಉಪನ್ಯಾಸಕರು; ಎಂ.ಎಸ್‌ಸಿ ಬೇಕು, ಅದರಲ್ಲಿ ಶೇ. 55 ಅಂಕ ಬೇಕು, ಸರ್ಕಾರಿ ಹುದ್ದೆಗೆ ಜೊತೆಗೆ ಬಿ.ಇಡಿಯೂ ಬೇಕು. ಸಿಬಿಎಸ್‌ಇ ಶಾಲೆಗಳಲ್ಲಿ 10ರವರೆಗೆ ವಿಜ್ಞಾನ ಒಂದೇ ವಿಷಯ, 11 ಮತ್ತು 12ಕ್ಕೆ ಕೆಮಿಸ್ಟ್ರಿಯ ಪಿಜಿಟಿ. ಕೇಂದ್ರೀಯ ವಿದ್ಯಾಲಯದಲ್ಲಿ ವಿಜ್ಞಾನದ ಟಿಜಿಟಿ ಆಗಬೇಕೆಂದರೆ ಸಿಟಿಇಟಿಯ ಎರಡನೇ ಪತ್ರಿಕೆ ಪಾಸಾಗಿರಬೇಕು.

ಸರ್ಕಾರಿ ಹೈಸ್ಕೂಲಿನ ಹುದ್ದೆಯ ಅಧಿಕೃತ ಹೆಸರು ಸಹ ಶಿಕ್ಷಕ ಗ್ರೇಡ್-2. ಇಲ್ಲಿ ಎಡವುವವರು ಹೆಚ್ಚಾಗಿ ಪರೀಕ್ಷೆಯಲ್ಲಿ ಎಡವುವುದಿಲ್ಲ, ವಿಷಯಗಳ ಜೋಡಣೆಯಲ್ಲಿ ಎಡವುತ್ತಾರೆ. ಪದವಿಯಲ್ಲಿ ಓದಿದ ವಿಷಯಗಳು, ಬಿ.ಇಡಿಯಲ್ಲಿ ಆರಿಸಿಕೊಂಡ ಬೋಧನಾ ವಿಷಯಗಳು, ಅಧಿಸೂಚನೆಯಲ್ಲಿ ಕೇಳಿದ ವಿಷಯಗಳು ಈ ಮೂರೂ ತಾಳೆಯಾಗಬೇಕು. ಕೆಮಿಸ್ಟ್ರಿಯ ಜೊತೆ ಬಯೋಕೆಮಿಸ್ಟ್ರಿಯನ್ನೋ ಮೈಕ್ರೋಬಯಾಲಜಿಯನ್ನೋ ಓದಿದವರು ಬಿ.ಇಡಿಗೆ ದುಡ್ಡು ಕಟ್ಟುವ ಮೊದಲೇ ಹಿಂದಿನ ಒಂದೆರಡು ನೇಮಕಾತಿ ಅಧಿಸೂಚನೆಗಳನ್ನು ತೆಗೆದು ಸಾಲು ಸಾಲಾಗಿ ಓದಿಕೊಳ್ಳಿ. ಎರಡು ವರ್ಷ ಕಳೆದ ಮೇಲೆ ಗೊತ್ತಾದರೆ ಯಾರೂ ಏನೂ ಮಾಡಲಾರರು.

ಓದುವ ವಿಚಾರದಲ್ಲಿ ಮೈಸೂರಿನವರಿಗೆ ಬೇರೆ ಊರಿನವರಿಗಿಲ್ಲದ ಅನುಕೂಲವಿದೆ. ಮಾನಸಗಂಗೋತ್ರಿಯ ಪಕ್ಕದಲ್ಲೇ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಹಳಬರು ಇಂದಿಗೂ ಆರ್‌ಸಿಇ ಎನ್ನುತ್ತಾರೆ, ಈಗಿನವರಿಗೆ ಆರ್‌ಐಇ. 1963ರಲ್ಲಿ ಎನ್‌ಸಿಇಆರ್‌ಟಿ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರು ಎಂದು ನಾಲ್ಕು ಊರುಗಳಲ್ಲಿ ಶುರು ಮಾಡಿದ ಕಾಲೇಜುಗಳಲ್ಲಿ ದಕ್ಷಿಣಕ್ಕೆ ಸಿಕ್ಕಿದ್ದು ಇದೊಂದು. ಪಿಯುಸಿ ಆದ ಮೇಲೆ ನಾಲ್ಕೇ ವರ್ಷದಲ್ಲಿ ಬಿ.ಎಸ್‌ಸಿ, ಬಿ.ಇಡಿ ಎರಡೂ ಮುಗಿಯುವ ಸಮಗ್ರ ಕೋರ್ಸಿಗೆ ಇದು ಹೆಸರುವಾಸಿ. ಈಗ ಆ ಬಗೆಯ ಕೋರ್ಸಿಗೆ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಇಲ್ಲಿ ಓದುವುದರ ದೊಡ್ಡ ಲಾಭ ಆವರಣದಲ್ಲೇ ಇರುವ ಡೆಮಾನ್‌ಸ್ಟ್ರೇಷನ್ ಶಾಲೆ. ಕಲಿತದ್ದನ್ನು ನಿಜವಾದ ಮಕ್ಕಳ ಮುಂದೆ ಪರೀಕ್ಷಿಸಿಕೊಳ್ಳಲು ಬಸ್ಸು ಹತ್ತಬೇಕಾಗಿಲ್ಲ.

ಬಿ.ಎಸ್‌ಸಿ ಆಗಲೇ ಮುಗಿಸಿದವರಿಗೆ ನಗರದಲ್ಲಿ ಬಿ.ಇಡಿ ಕಾಲೇಜುಗಳಿಗೆ ಬರವಿಲ್ಲ. 2015ರಿಂದ ಬಿ.ಇಡಿ ಎರಡು ವರ್ಷದ್ದು. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಇಂಟರ್ನ್‌ಶಿಪ್‌ಗೆ ಯಾವ ಶಾಲೆಗೆ ಕಳಿಸುತ್ತಾರೆ, ಅಲ್ಲಿ ಲ್ಯಾಬ್ ಇದೆಯೇ ಎಂದು ಕೇಳಿ. ಹಾಜರಿಯೊಂದು ಸರಿಯಿದ್ದರೆ ಸಾಕು ಎನ್ನುವ ಕಾಲೇಜಿನಿಂದ ಬಂದವರು ಮೊದಲ ವರ್ಷ ಪ್ರನಾಳ ಹಿಡಿಯುವುದಕ್ಕೂ ಹೆದರುವುದನ್ನು ಕಂಡಿದ್ದೇನೆ. ತಪ್ಪು ಅವರದಲ್ಲ.

ಸಂಬಳದ ಮಾತು ಬಿಟ್ಟರೆ ಇಂಥ ಲೇಖನಕ್ಕೆ ಅರ್ಥವಿಲ್ಲ. ಏಳನೇ ವೇತನ ಆಯೋಗ 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ ಸರ್ಕಾರಿ ಹೈಸ್ಕೂಲು ಶಿಕ್ಷಕರ ಆರಂಭದ ಮೂಲ ವೇತನ 33,450ರಿಂದ 54,175 ರೂಪಾಯಿಗೆ, ಪಿಯು ಉಪನ್ಯಾಸಕರದು 43,100ರಿಂದ 69,250 ರೂಪಾಯಿಗೆ ಏರಿದೆ. ಆದರೆ ಖಾಯಂ ನೇಮಕಾತಿ ಎಂಬುದು ವರ್ಷ ವರ್ಷ ಬರುವ ಹಬ್ಬವಲ್ಲ. ನಡುವಿನ ಕಾಲಕ್ಕೆ ಇರುವುದು ಅತಿಥಿ ಶಿಕ್ಷಕರ ಕೆಲಸ. 2025ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಅವರ ಗೌರವಧನ ಖಾಯಂ ಶಿಕ್ಷಕರ ಮೂಲ ವೇತನದ ಕಾಲು ಭಾಗದ ಆಸುಪಾಸಿನಲ್ಲೇ ಇದೆ. ಪಕ್ಕದ ಕೊಠಡಿಯಲ್ಲಿ ಅದೇ ಪಾಠ, ಅದೇ ಮಕ್ಕಳು, ಸಂಬಳ ಮಾತ್ರ ನಾಲ್ಕರಲ್ಲಿ ಒಂದು. ಇದನ್ನು ಅನ್ಯಾಯ ಎನ್ನದೆ ಬೇರೆ ಏನೆನ್ನಬೇಕೋ ನನಗೆ ತಿಳಿಯದು. ಒಂದೆರಡು ವರ್ಷದ ಅನುಭವಕ್ಕೆ ಸರಿ. ಅದರಲ್ಲೇ ವಯಸ್ಸು ಕಳೆಯಬೇಡಿ.

ಖಾಸಗಿ ಶಾಲೆಗೆ ಸೇರುವವರು ಮಾತಿನ ಭರವಸೆಗೆ ತೃಪ್ತರಾಗದೆ ನೇಮಕಾತಿ ಆದೇಶವನ್ನು ಕಾಗದದ ಮೇಲೆ ಕೇಳಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಜೆರಾಕ್ಸ್ ಕೊಡಿ, ಮೂಲವನ್ನು ಯಾರ ಬೀರುವಿನಲ್ಲೂ ಇಡಬೇಡಿ. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಭವಿಷ್ಯನಿಧಿ ಕಾನೂನು ಅನ್ವಯಿಸುತ್ತದೆ, ಯುಎಎನ್ ಸಂಖ್ಯೆ ಮೊದಲ ತಿಂಗಳೇ ಕೇಳಿ. ಶಿಕ್ಷಕರಿಗೂ ಗ್ರಾಚ್ಯುಟಿ ಉಂಟು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 2009ರ ತಿದ್ದುಪಡಿ ಅದನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯಿಸುವಂತೆ ಮಾಡಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಐದು ವರ್ಷ ಪೂರೈಸಿದವರು ಬಿಡುವಾಗ ಕೇಳಿ ಪಡೆಯಬಹುದು. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆ ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆದರೆ, ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ತಡ ಮಾಡಬಾರದು ಅಷ್ಟೆ.

ಸಂದರ್ಶನಕ್ಕೆ ಹೋದಾಗ ಸಂಬಳ ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ: ‘ಲ್ಯಾಬ್ ಒಮ್ಮೆ ನೋಡಬಹುದಾ ಸಾರ್?’ ಬೀಗದ ಕೈ ಹುಡುಕಲು ಅರ್ಧ ಗಂಟೆ ಹಿಡಿದರೆ ಆ ಶಾಲೆಯ ವಿಷಯ ನಿಮಗೆ ತಿಳಿದಂತಾಯಿತು.

ಡೆಮೊ ಕ್ಲಾಸಿಗೆ ಏನು ಒಯ್ಯಬೇಕು

ಪವರ್‌ಪಾಯಿಂಟ್ ಒಯ್ಯಬೇಡಿ. ಒಂದು ಚಿಟಿಕೆ ಅರಿಶಿನ, ವೀಳ್ಯದೆಲೆ ಅಂಗಡಿಯಿಂದ ಒಂದಿಷ್ಟು ಸುಣ್ಣ, ಅರ್ಧ ನಿಂಬೆಹಣ್ಣು, ಉಪ್ಪು, ಸೋಪಿನ ಚೂರು, ಗಾಜಿನ ಲೋಟ ಮೂರು. ಇಷ್ಟು ಸಾಕು. ಲೋಟಗಳಿಗೆ ಅರಿಶಿನದ ನೀರು ಹಾಕಿ ಸಾಲಾಗಿ ಇಟ್ಟು, ಏನನ್ನೂ ಬೆರೆಸುವ ಮೊದಲೇ ತರಗತಿಯನ್ನು ಕೇಳಿ: ‘ಮನೇಲಿ ಆರತಿ ನೀರು ಹೇಗೆ ಮಾಡ್ತಾರೆ?’ ಕೊನೆ ಬೆಂಚಿನಿಂದ ಯಾರಾದರೂ ಹೇಳೇ ಹೇಳುತ್ತಾರೆ, ಅರಿಶಿನಕ್ಕೆ ಸುಣ್ಣ ಕಲಸ್ತಾರೆ ಎಂದು. ಆಗ ಒಂದು ಲೋಟಕ್ಕೆ ಸುಣ್ಣದ ತಿಳಿ ಹಾಕಿ. ಹಳದಿ ನೀರು ಕಣ್ಣೆದುರೇ ಕೆಂಪಾಗುತ್ತದೆ. ಇಲ್ಲಿಯವರೆಗೆ ಮಕ್ಕಳಿಗೆ ಗೊತ್ತಿದ್ದದ್ದೇ. ಈಗ ಅದೇ ಕೆಂಪು ನೀರಿಗೆ ನಿಂಬೆರಸ ಹಿಂಡಿ. ಹಳದಿ ಮರಳಿ ಬರುತ್ತದೆ. ಆರತಿ ನೀರು ದಿನವೂ ಕಂಡ ಮಕ್ಕಳೂ ಇದನ್ನು ಕಂಡಿರುವುದಿಲ್ಲ, ಬೆಂಚಿನಿಂದ ಎದ್ದು ನಿಲ್ಲುತ್ತಾರೆ.

ಎರಡನೆಯ ಲೋಟಕ್ಕೆ ಸೋಪಿನ ನೀರು ಹಾಕುವ ಮೊದಲು ಏನಾಗಬಹುದು ಎಂದು ಊಹಿಸಲು ಹೇಳಿ. ಮೂರನೆಯದಕ್ಕೆ ಉಪ್ಪು, ಏನೂ ಆಗುವುದಿಲ್ಲ, ಆ ಏನೂ ಆಗದಿರುವುದೂ ಉತ್ತರವೇ. ಆಮ್ಲ, ಪ್ರತ್ಯಾಮ್ಲ, ಸೂಚಕ ಎಂಬ ಮಾತುಗಳನ್ನು ಬೋರ್ಡಿನ ಮೇಲೆ ಬರೆಯಬೇಕಾದ್ದು ಇದಾದ ಮೇಲೆ. ಪಾಠವನ್ನು ವ್ಯಾಖ್ಯೆಯಿಂದ ಶುರು ಮಾಡುವ ಅಭ್ಯಾಸ ಬಿ.ಇಡಿಯಲ್ಲೂ ಹೋಗುವುದಿಲ್ಲ, ನೀವೇ ಕಿತ್ತುಹಾಕಬೇಕು. ಒಂದು ಎಚ್ಚರಿಕೆ: ಅಂಗಡಿಯ ಅರಿಶಿನದ ಪುಡಿಯಲ್ಲಿ ಕಲಬೆರಕೆ ಇದ್ದರೆ ಬಣ್ಣ ಕೈಕೊಡುತ್ತದೆ. ಹಿಂದಿನ ರಾತ್ರಿ ಮನೆಯಲ್ಲಿ ಒಮ್ಮೆ ಮಾಡಿ ನೋಡಿಯೇ ಹೋಗಿ.

ಬೀರು ತೆರೆದ ಮೇಲೆ

ಕೆಲಸ ಸಿಕ್ಕಿತು, ಕೈಗೆ ಬೀಗದ ಕೈ ಬಂತು. ಒಳಗೆ ಏನಿರುತ್ತದೆ? ಲೇಬಲ್ ಉದುರಿದ ಬಾಟಲಿಗಳು, ಗಟ್ಟಿಯಾಗಿ ಕೂತ ಕಾಸ್ಟಿಕ್ ಸೋಡಾ, ಮುಚ್ಚಳ ಅಂಟಿಕೊಂಡ ರಿಯೇಜೆಂಟ್ ಬಾಟಲಿ, ಒಡೆದ ಥರ್ಮಾಮೀಟರು. ಮೊದಲ ದಿನ ಪ್ರಯೋಗ ಮಾಡುವ ಆಸೆ ಬಿಟ್ಟು ದಾಸ್ತಾನು ವಹಿ ಹಿಡಿದು ಕೂರಿ. ವಹಿಯಲ್ಲಿರುವುದು, ಬೀರುವಿನಲ್ಲಿರುವುದು ಎರಡನ್ನೂ ತಾಳೆ ನೋಡಿ, ವ್ಯತ್ಯಾಸ ಬರೆದು ಮುಖ್ಯೋಪಾಧ್ಯಾಯರ ಸಹಿ ಹಾಕಿಸಿಕೊಳ್ಳಿ. ಹಾಗೆ ಮಾಡದಿದ್ದರೆ ಹತ್ತು ವರ್ಷದ ಹಿಂದೆ ಒಡೆದ ಬ್ಯುರೆಟ್ಟಿನ ಲೆಕ್ಕ ನಿಮ್ಮ ತಲೆಗೆ ಬರುತ್ತದೆ. ಹೆಸರಿಲ್ಲದ ಬಾಟಲಿಯನ್ನು ಮೂಸಿ ನೋಡಿ ಗುರುತಿಸುವ ಸಾಹಸ ಬೇಡ. ಬೇರೆ ಇಟ್ಟು, ‘ಗುರುತಿಲ್ಲ, ಬಳಸಬಾರದು’ ಎಂದು ಚೀಟಿ ಅಂಟಿಸಿ.

ಆಮ್ಲದ ಬಾಟಲಿಗೆ ಬೇರೆಯದೇ ವಹಿ ಬೇಕು. ಆ್ಯಸಿಡ್ ದಾಳಿಗೆ ಒಳಗಾದ ಲಕ್ಷ್ಮಿಯವರ ಪ್ರಕರಣದಲ್ಲಿ 2013ರ ಜುಲೈ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಶಾಲಾ ಕಾಲೇಜುಗಳಿಗೂ ಅನ್ವಯಿಸುತ್ತದೆ. ಎಷ್ಟು ಆಮ್ಲ ಬಂತು, ಯಾವ ದಿನ ಎಷ್ಟು ಖರ್ಚಾಯಿತು ಎಂಬ ದಾಖಲೆ ಇಡಬೇಕು, ಒಬ್ಬರು ಹೊಣೆ ಹೊರಬೇಕು, ಲ್ಯಾಬಿನಿಂದ ಹೊರಡುವವರನ್ನು ತಪಾಸಣೆ ಮಾಡಬೇಕು. ಆ ಹೊಣೆ ಬಹುಮಟ್ಟಿಗೆ ನಿಮ್ಮದೇ ಆಗುತ್ತದೆ.

ಸಾರರಿಕ್ತ ಆಮ್ಲ ಮಾಡಿಡುವ ಲೆಕ್ಕ ಒಮ್ಮೆ ಗೋಡೆಗೆ ಬರೆದು ಅಂಟಿಸಿದರೆ ವರ್ಷವಿಡೀ ನೆಮ್ಮದಿ. ಬಾಟಲಿಯಲ್ಲಿ ಬರುವ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 12 ಮೋಲಾರ್. ಅದರ 85 ಮಿಲಿಲೀಟರನ್ನು ನೀರಿಗೆ ಸೇರಿಸಿ ಒಂದು ಲೀಟರಿಗೆ ತಂದರೆ ಹೆಚ್ಚುಕಡಿಮೆ 1 ಮೋಲಾರ್. ಸಲ್ಫ್ಯೂರಿಕ್ ಆಮ್ಲ ಸುಮಾರು 18 ಮೋಲಾರ್; ಲೀಟರಿಗೆ 55 ಮಿಲಿಲೀಟರ್ ಸಾಕು. ಕಾಸ್ಟಿಕ್ ಸೋಡಾ ಲೀಟರಿಗೆ 4 ಗ್ರಾಂ ಹಾಕಿದರೆ 0.1 ಮೋಲಾರ್, ಅದನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಿ, ಗಾಜಿನ ಬಿರಡೆ ಹಾಕಿದರೆ ಮುಂದಿನ ತಿಂಗಳು ಬಿರಡೆ ಬರುವುದಿಲ್ಲ. ಯಾವತ್ತೂ ಆಮ್ಲವನ್ನು ನೀರಿಗೆ ಹಾಕಬೇಕು, ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಾ. ತಿರುಗುಮುರುಗು ಮಾಡಿದರೆ ಮೊದಲು ಬಿದ್ದ ನೀರು ಆಮ್ಲದ ಮೇಲೆಯೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಸಾರೀಕೃತ ಆಮ್ಲದ ಬಾಟಲಿಯನ್ನು ಮಕ್ಕಳ ಕೈಗೆ ಕೊಡುವ ಪ್ರಶ್ನೆಯೇ ಇಲ್ಲ. ಮೈಮೇಲೆ ಬಿದ್ದರೆ ಸೋಡಾ ಹಚ್ಚಿ ಶಮನ ಮಾಡಲು ಹೋಗದೆ ನಲ್ಲಿ ನೀರಿನ ಕೆಳಗೆ ಹದಿನೈದಿಪ್ಪತ್ತು ನಿಮಿಷ ಹಿಡಿದು, ನೇರ ಆಸ್ಪತ್ರೆಗೆ.

ಕಾರ್ಬೊನೇಟ್ ಪಾಠದಲ್ಲಿ ಹೊಸಬರಿಗೆ ಒಂದು ಮುಜುಗರ ಕಾದಿರುತ್ತದೆ. ಕೈಗೆ ಸಿಕ್ಕ ಚಾಕ್‌ಪೀಸನ್ನು ಆಮ್ಲಕ್ಕೆ ಹಾಕುತ್ತಾರೆ, ನೊರೆ ಬರುತ್ತದೆಂದು ಕಾಯುತ್ತಾರೆ, ಬರುವುದಿಲ್ಲ. ‘ಸಾರ್, ಏನೂ ಆಗ್ತಾ ಇಲ್ಲ.’ ಈಗಿನ ಚಾಕ್‌ಪೀಸು ಬಹುಪಾಲು ಜಿಪ್ಸಂನದು, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರಿಂದ ನೊರೆ ಬರುವುದು ಹೇಗೆ? ಮೊಟ್ಟೆ ಸಿಪ್ಪೆ ಬಳಸಿ. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ದಿನ ಅಡುಗೆಯವರಿಗೆ ಒಂದು ಮಾತು ಹೇಳಿದರೆ ಚೀಲ ತುಂಬ ಸಿಪ್ಪೆ ಸಿಗುತ್ತದೆ, ತೊಳೆದು ಒಣಗಿಸಿಟ್ಟುಕೊಳ್ಳಿ. ಇನ್ನೊಂದು ಮಾದರಿ ಲ್ಯಾಬಿನ ಮೇಜೇ. ಹಳೆಯ ಶಾಲೆಗಳಲ್ಲಿ ಕಪ್ಪು ಕಡಪ ಕಲ್ಲು ಹಾಸಿದ ಮೇಜುಗಳ ಮೇಲೆ ಅಲ್ಲಲ್ಲಿ ಬಿಳಿಚಿಕೊಂಡ ಕುಳಿಗಳು ಕಾಣುತ್ತವೆ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ, ಆಮ್ಲ ಚೆಲ್ಲಿದಲ್ಲೆಲ್ಲ ತಿಂದುಹಾಕುತ್ತದೆ. ಪಕ್ಕದಲ್ಲಿ ಗ್ರಾನೈಟ್ ತುಂಡು ಇಟ್ಟು ಎರಡರ ಮೇಲೂ ಒಂದೊಂದು ಹನಿ ಸಾರರಿಕ್ತ ಆಮ್ಲ ಬಿಟ್ಟು ತೋರಿಸಿ. ಅಡುಗೆಮನೆ ಕಟ್ಟೆಗೆ ಯಾವ ಕಲ್ಲು ಹಾಕಿಸಬೇಕೆಂದು ಮಕ್ಕಳೇ ಮನೆಗೆ ಹೋಗಿ ಹೇಳುತ್ತಾರೆ.

ಸುಣ್ಣದ ತಿಳಿನೀರಿಗೂ ದುಡ್ಡು ಕೊಡಬೇಕಾಗಿಲ್ಲ. ಲೀಟರ್ ನೀರಿನಲ್ಲಿ ಕರಗುವುದು 2 ಗ್ರಾಂಗಿಂತ ಕಡಿಮೆ ಸುಣ್ಣ. ಆದ್ದರಿಂದ ಒಂದು ಚಮಚ ಸುಣ್ಣ ಕಲಕಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಿ. ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡೇ ಮೇಲೆ ಕೆನೆ ಕಟ್ಟುತ್ತದೆ. ಮೊಟ್ಟೆ ಸಿಪ್ಪೆಯಿಂದ ಬಂದ ಅನಿಲವನ್ನು ಹಾಯಿಸಿದರೆ ತಿಳಿನೀರು ಹಾಲಿನಂತಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ, ಹಾಯಿಸುತ್ತಲೇ ಇರಿ. ಹಾಲು ಮತ್ತೆ ತಿಳಿಯಾಗುತ್ತದೆ. ಅದನ್ನೇ ಕುದಿಸಿದರೆ ಮತ್ತೆ ಬಿಳಿ. ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿ ಪೊರೆ ಇದೇ. ಒಬ್ಬರ ಮನೆಯ ಕಾವೇರಿ ನೀರು, ಇನ್ನೊಬ್ಬರ ಮನೆಯ ಬೋರ್‌ವೆಲ್ ನೀರು ಎರಡೂ ತರಿಸಿ, ಸಮ ಪ್ರಮಾಣದಲ್ಲಿ ಸೋಪು ಹಾಕಿ ಕುಲುಕಿಸಿ ನೊರೆ ಅಳೆಸಿ. ಗಡಸು ನೀರಿನ ಪಾಠ ಮುಗಿಯಿತು.

ಯಾವುದನ್ನು ಮಾಡಬಾರದು ಎಂಬುದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅಮೋನಿಯಂ ಡೈಕ್ರೋಮೇಟಿನ ‘ಜ್ವಾಲಾಮುಖಿ’ ವಿಜ್ಞಾನ ಮೇಳಗಳಲ್ಲಿ ಇನ್ನೂ ಕಾಣುತ್ತದೆ. ಆ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಬಿಟ್ಟುಬಿಡಿ. ಮೆಥನಾಲ್ ಸುರಿದು ಬಣ್ಣದ ಜ್ವಾಲೆ ತೋರಿಸುವುದು ಹಲವು ದೇಶಗಳಲ್ಲಿ ಮಕ್ಕಳನ್ನು ಸುಟ್ಟಿದೆ. ಉರಿಯುತ್ತಿರುವ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ತುಂಬುವುದು, ಪಿಪೆಟ್ಟನ್ನು ಬಾಯಿಂದ ಎಳೆಯುವುದು ಎರಡೂ ನಿಲ್ಲಬೇಕು, ರಬ್ಬರ್ ಬಲ್ಬಿಗೆ ದೊಡ್ಡ ಬೆಲೆಯೇನಿಲ್ಲ. ಸೋಡಿಯಂ ತೋರಿಸಲೇಬೇಕೆಂದರೆ ಹೆಸರುಕಾಳಿಗಿಂತ ಚಿಕ್ಕ ತುಂಡು, ಅಗಲ ಬಾಯಿಯ ಪಾತ್ರೆ, ಮಕ್ಕಳು ದೂರದಲ್ಲಿ, ಪಕ್ಕದಲ್ಲಿ ಒಣ ಮರಳು. ಹತ್ತನೇ ತರಗತಿಯ ಪುಸ್ತಕದಲ್ಲೇ ಲೆಡ್ ನೈಟ್ರೇಟ್ ಕಾಯಿಸುವ ಚಟುವಟಿಕೆ ಇದೆ. ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ವಿಷ. ಒಂದು ಸಣ್ಣ ಪ್ರನಾಳದಲ್ಲಿ, ತೆರೆದ ಕಿಟಕಿಯ ಬಳಿ, ಶಿಕ್ಷಕರೇ ಒಮ್ಮೆ ಮಾಡಿ ತೋರಿಸಿದರೆ ಸಾಕು. ಲೆಡ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡಿನ ಹಳದಿ ಒತ್ತರಕ್ಕೆ ಬೀಕರ್ ಬೇಕಿಲ್ಲ. ಖಾಲಿ ಮಾತ್ರೆ ಸ್ಟ್ರಿಪ್ಪಿನ ಗುಳಿಯಲ್ಲಿ ಎರಡೆರಡು ಹನಿ ಹಾಕಿದರೂ ಬಣ್ಣ ಅಷ್ಟೇ ಚೆನ್ನಾಗಿ ಕಾಣುತ್ತದೆ, ಸೀಸದ ತ್ಯಾಜ್ಯವೂ ಹನಿಗಳಲ್ಲೇ ಮುಗಿಯುತ್ತದೆ. ಅದನ್ನು ಸಿಂಕಿಗೆ ಬಿಡದೆ ಒಂದು ಬಾಟಲಿಯಲ್ಲಿ ಕೂಡಿಸಿಡಿ.

ಊರೇ ಪಾಠ

ಬನ್ನಿಮಂಟಪದಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ್ದು. 1962ರ ಲೋಕಸಭಾ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಇಲ್ಲೇ. ಅದರ ಜೀವಾಳ ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನಂಶದೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿ, ಬೆಳಕಿಗೆ ಕಪ್ಪಾಗಿ, ಹೊಸ ಚರ್ಮ ಬರುವವರೆಗೆ ಕೂತಿರುತ್ತದೆ. ಹತ್ತನೇ ತರಗತಿಯ ಮೊದಲ ಅಧ್ಯಾಯದಲ್ಲಿ ಸಿಲ್ವರ್ ಕ್ಲೋರೈಡ್ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುವ ವಿಭಜನೆಯ ಕ್ರಿಯೆ ಬರುತ್ತದಲ್ಲ, ಅದನ್ನು ‘ಒಂದು ಉದಾಹರಣೆ’ ಎಂದು ಓದಿಸಿ ಮುಂದೆ ಹೋಗುವ ಶಿಕ್ಷಕರು ಮೈಸೂರಿನಲ್ಲಿದ್ದರೆ ಬೇಸರದ ಸಂಗತಿ. ಚುನಾವಣೆಯ ಮಾರನೇ ದಿನ ಮಕ್ಕಳ ಅಪ್ಪ ಅಮ್ಮನ ಬೆರಳುಗಳೇ ಪ್ರಯೋಗದ ಫಲಿತಾಂಶ.

ಗಂಧದೆಣ್ಣೆಯದು ಇನ್ನೊಂದು ಕಥೆ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಾಗ, ಇಲ್ಲೇ ಎಣ್ಣೆ ತೆಗೆಯೋಣ ಎಂದು ಹೊರಟ ಸಂಸ್ಥಾನಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಬಟ್ಟಿ ಇಳಿಸುವ ವಿಧಾನ ಸಿದ್ಧಮಾಡಿಕೊಟ್ಟರು. ಮಾನಂದವಾಡಿ ರಸ್ತೆಯ ಗಂಧದೆಣ್ಣೆ ಕಾರ್ಖಾನೆ ಹಾಗೆ ಬಂದದ್ದು. ಮಿಶ್ರಣಗಳನ್ನು ಬೇರ್ಪಡಿಸುವ ಪಾಠಕ್ಕೆ ಇದಕ್ಕಿಂತ ಬೇರೆ ಪೀಠಿಕೆ ಬೇಕೆ? ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಬಗ್ಗೆ ಹೇಳುವುದೇ ಬೇಡ. 1950ರಿಂದ ಚೆಲುವಾಂಬ ವಿಲಾಸದಲ್ಲಿರುವ ಆ ಸಂಸ್ಥೆಗೆ ಶಾಲೆಯ ಪತ್ರ ಮುಂಚಿತವಾಗಿ ಕಳಿಸಿ ಅನುಮತಿ ಪಡೆದು ಮಕ್ಕಳನ್ನು ಕರೆದೊಯ್ದರೆ, ಎಣ್ಣೆ ಕಮಟುವುದೇಕೆ ಎಂಬ ಎರಡಂಕದ ಪ್ರಶ್ನೆಗೆ ಬಾಯಿಪಾಠ ಬೇಕಾಗುವುದಿಲ್ಲ.

ಕನ್ನಡದಲ್ಲಿ ಕೆಮಿಸ್ಟ್ರಿ ಹೇಳುವುದು ಹೇಗೆಂದು ಕಲಿಯಲು ಜೆ.ಆರ್. ಲಕ್ಷ್ಮಣರಾಯರ ಪುಸ್ತಕಗಳನ್ನು ಓದಿ, ‘ಪರಮಾಣು ಚರಿತ್ರೆ’ಯಿಂದ ಶುರು ಮಾಡಿ. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ಬಹುಕಾಲ ಮೈಸೂರಿನಲ್ಲೇ ಬಾಳಿದವರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಹಳೆಯ ಸಂಚಿಕೆಗಳು ಶಾಲಾ ಗ್ರಂಥಾಲಯದ ಮೂಲೆಯಲ್ಲಿ ಸಿಕ್ಕರೆ ರದ್ದಿಗೆ ಹಾಕಲು ಬಿಡಬೇಡಿ.

ಪರೀಕ್ಷೆ, ಮತ್ತೆ ಉಳಿದ ಕೆಲಸ

ಇಷ್ಟೆಲ್ಲ ಮಾಡುತ್ತಾ ಕೂತರೆ ಸಿಲಬಸ್ ಮುಗಿಯುವುದು ಯಾವಾಗ ಎಂದು ಹೆಡ್‌ಮಾಸ್ಟರು ಕೇಳುತ್ತಾರೆ, ಕೇಳಬೇಕಾದ್ದೇ. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಹಿಂದುಳಿದ ಮಕ್ಕಳಿಗೆ ಕೆಮಿಸ್ಟ್ರಿಯಲ್ಲಿ ಕೈಹಿಡಿಯುವುದು ಚಿತ್ರಗಳು: ನೀರಿನ ವಿದ್ಯುದ್ವಿಭಜನೆ, ಸತುವಿನ ಚೂರಿನ ಮೇಲೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ, ಲೋಹದ ಮೇಲೆ ಹಬೆಯ ವರ್ತನೆ. ಉಪಕರಣವನ್ನು ಕೈಯಾರೆ ಜೋಡಿಸಿದ ಮಗು ಚಿತ್ರದಲ್ಲಿ ವಾಹಕ ನಳಿಕೆಯ ತುದಿಯನ್ನು ನೀರಿನ ಹೊರಗೆ ಬಿಡುವುದಿಲ್ಲ. ಬೋರ್ಡು ನೋಡಿ ನಕಲು ಮಾಡಿದ ಮಗು ಬಿಡುತ್ತದೆ. ಸಮೀಕರಣ ಸರಿದೂಗಿಸುವುದನ್ನು ಮಾತ್ರ ದಿನಕ್ಕೆ ಎರಡರಂತೆ ಜೂನ್‌ನಿಂದಲೇ ಮಾಡಿಸಿ, ಜನವರಿಯ ವಿಶೇಷ ತರಗತಿಗೆ ಉಳಿಸಿಕೊಂಡರೆ ಆಗುವ ಕೆಲಸವಲ್ಲ. ಕನ್ನಡ ಮಾಧ್ಯಮದವರು ಪಿಯುಸಿ ವಿಜ್ಞಾನಕ್ಕೆ ಹೋದ ಮೊದಲ ತಿಂಗಳೇ ಪದಗಳ ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ. ಹತ್ತನೇ ತರಗತಿಯಲ್ಲೇ ಪ್ರತಿ ಅಧ್ಯಾಯದ ಕೊನೆಗೆ ಇಂಗ್ಲಿಷ್ ಹೆಸರುಗಳನ್ನೂ ಬರೆಸಿಟ್ಟರೆ ಉಪಕಾರ.

ಪಾಠವಲ್ಲದ ಕೆಲಸಗಳಿಗೆ ಮನಸ್ಸು ಸಿದ್ಧವಾಗಿರಲಿ. ಮಕ್ಕಳ ದಾಖಲೆಯ ಸ್ಯಾಟ್ಸ್ ಜಾಲತಾಣಕ್ಕೆ ಮಾಹಿತಿ ತುಂಬುವುದು, ಚುನಾವಣಾ ಕರ್ತವ್ಯ, ಗಣತಿ. 2025ರ ದಸರಾ ರಜೆ ಜಂಬೂ ಸವಾರಿಯ ಊರಿನಲ್ಲೂ ಎಷ್ಟೋ ಶಿಕ್ಷಕರಿಗೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲೇ ಕಳೆಯಿತು. ಸಂಜೆ ಟ್ಯೂಷನ್ ಹೇಳಿ ಸಂಬಳ ಸರಿದೂಗಿಸೋಣ ಎಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರು ಖಾಸಗಿ ಪಾಠ ಮಾಡುವುದನ್ನು ನಿಷೇಧಿಸುತ್ತದೆ. ಎಂ.ಎಸ್‌ಸಿ ಇದ್ದವರಿಗೆ ನೀಟ್, ಸಿಇಟಿ ತರಬೇತಿಯ ಪಿಯು ಕಾಲೇಜುಗಳು ಕೈತುಂಬ ಸಂಬಳದ ಆಸೆ ತೋರಿಸುತ್ತವೆ. ಸಿಇಟಿ ಕೆಮಿಸ್ಟ್ರಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ಬೇಕಾದ್ದು ವೇಗ. ಹೋಗಬೇಡಿ ಎನ್ನಲಾರೆ. ಆದರೆ ದ್ವಿತೀಯ ಪಿಯುಸಿಯಲ್ಲಿ ಪ್ರಾಯೋಗಿಕ ಪರೀಕ್ಷೆಗೆ 30 ಅಂಕವಿದೆ. ಪರ್ಮಾಂಗನೇಟಿನ ಮೊದಲ ಹನಿಗಳ ಬಣ್ಣ ಬಿಸಿ ಆಕ್ಸಾಲಿಕ್ ಆಮ್ಲದಲ್ಲಿ ಹೋಗಲು ತಡವಾಗುವುದೇಕೆ, ಆಮೇಲೆ ಸರಸರನೆ ಹೋಗುವುದೇಕೆ ಎಂಬುದನ್ನು ಬ್ಯುರೆಟ್ ಮುಂದೆ ನಿಂತವರಷ್ಟೇ ಕೇಳುತ್ತಾರೆ. ಆ ಪ್ರಶ್ನೆ ಕೇಳಲು ಬಿಡುವಿರುವ ಕಾಲೇಜೇ ಎಂದು ನೋಡಿ ಸೇರಿ.

ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಮುಂಚೆ ಬೀರುವಿಗೆ ಒಂದು ಮಧ್ಯಾಹ್ನ ಎತ್ತಿಡಿ. ಸ್ಪಿರಿಟ್ ದೀಪಗಳನ್ನು ಖಾಲಿ ಮಾಡಿ. ಸೋಡಿಯಂ ಮೇಲೆ ಸೀಮೆಎಣ್ಣೆ ಮುಳುಗುವಷ್ಟು ಇದೆಯೇ ನೋಡಿ. ಎರಡು ತಿಂಗಳ ಬಿಸಿಲಿಗೆ ಆವಿಯಾಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಅಮೋನಿಯಾ ಬಾಟಲಿಗಳನ್ನು ಒಂದೇ ತಟ್ಟೆಯಲ್ಲಿ ಇಡಬೇಡಿ, ಇಟ್ಟರೆ ಬೀರು ತುಂಬ ಬಿಳಿ ಪುಡಿ. ಆಮ್ಲದ ಆವಿ ಸೂಕ್ಷ್ಮದರ್ಶಕದ ತಿರುಪುಗಳಿಗೂ ತಕ್ಕಡಿಗೂ ತುಕ್ಕು ಹಿಡಿಸುತ್ತದೆ, ಅವು ಬೇರೆ ಬೀರುವಿನಲ್ಲಿರಲಿ. ಸಿಲ್ವರ್ ನೈಟ್ರೇಟ್ ಕಂದು ಬಾಟಲಿಯಲ್ಲಿ, ಕತ್ತಲೆಯಲ್ಲಿ. ಮುಂದಿನ ವರ್ಷಕ್ಕೆ ಬೇಕಾದ ಪಟ್ಟಿಯನ್ನು ಆಗಲೇ ಬರೆದು, ಎಲ್ಲಕ್ಕೂ ಲ್ಯಾಬ್ ರಿಯೇಜೆಂಟ್ ದರ್ಜೆಯೇ ಸಾಕೆಂದು ನಮೂದಿಸಿ ಕಚೇರಿಗೆ ಕೊಡಿ. ಆಮ್ಲದ ವಹಿಯಲ್ಲಿ ಉಳಿಕೆ ಬರೆದು, ಸಹಿ ಹಾಕಿಸಿ, ಬೀಗದ ಕೈಯನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿ ರಸೀದಿ ಪಡೆದುಕೊಳ್ಳಿ.